ಮೂರು ಕುರಿಗಳು ಕಂಡ ಬೆಳಕು

ಈಸ್ಟ್‌ಗೇಟ್ ಎಂಬ ಪರದೇಶದ ಊರಿನ ಒಂದು ಚರ್ಚಿನ ಸಭಾಂಗಣದಲ್ಲಿ ನನ್ನ ಮಗಳು ಗಿರಿಜೆಯ ಮೊದಲ ಭಾಷಣ. ಅವಳು ಇಲ್ಲಿ ಓದುತ್ತಿರುವುದು ಹಳೇ ಕಾಲದ ಕ್ರೈಸ್ತರ ಚಿತ್ರಕಲೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಪಂಕ್ಚರು ಹಾಕಿ ಮೇಲೆ ಬಂದವನು. ಅವಳ ಇಂಗ್ಲಿಷನ್ನು, ನನ್ನನ್ನು ಏರ್‌ಪೋರ್ಟಿಂದ ಕರೆತಂದಿದ್ದ ಮೈಸೂರಿನ ಶಂಕರ್ ಪಕ್ಕದಲ್ಲಿ ಕೂತು ಕಿವಿಯಲ್ಲಿ ಕನ್ನಡ ಮಾಡುತ್ತಿದ್ದರು.

ಯೇಸು ಬೆಟ್ಟದ ಮೇಲೆ ಮೂವರು ಶಿಷ್ಯರ ಮುಂದೆ ಸೂರ್ಯನ ಹಾಗೆ ಹೊಳೆದನಂತೆ. ಪರದೆಯ ಮೇಲೆ ಆ ಕಥೆಯ ಚಿತ್ರ ಬಂತು. ದೇವರಲ್ಲವೇ, ನಾನು ಎದ್ದು ಕೈಮುಗಿದೆ.

"ಕೂತ್ಕೊಳ್ಳಿ ಸಾರ್, ಹಿಂದಿನೋರಿಗೆ ಕಾಣಲ್ಲ!" ಎಂದರು ಶಂಕರ್.

ಕೂತು ನೋಡಿದರೆ ಯೇಸುವೂ ಇಲ್ಲ, ಶಿಷ್ಯರೂ ಇಲ್ಲ. ಯೇಸುವಿನ ಜಾಗದಲ್ಲಿ ನಕ್ಷತ್ರಗಳ ನಡುವೆ ಒಂದು ಶಿಲುಬೆ, ಕೆಳಗೆ ಶಿಷ್ಯರ ಜಾಗದಲ್ಲಿ ಕತ್ತೆತ್ತಿದ ಮೂರು ಕುರಿ.

ವಯಸ್ಸಾದ ಹೆಂಗಸೊಬ್ಬರು ಎದ್ದು, "ನೀನು ನಮ್ಮ ಧರ್ಮದವಳಲ್ಲ. ಈ ಚಿತ್ರದಲ್ಲಿ ನಮ್ಮ ಆ ಮೂವರು ಸಂತರನ್ನು ಕುರಿ ಮಾಡಿದ್ದೇಕೆ, ನೀನೇ ಹೇಳು" ಎಂದರು.

ಗಿರಿಜೆ ನಿಧಾನವಾಗಿ ಹೇಳಿದಳು. ಬೆಟ್ಟ ಹತ್ತಿದವರಿಗಷ್ಟೇ ಆ ಬೆಳಕು ಕಂಡಿತು, ಕೆಳಗುಳಿದವರಿಗೆ ಅವನು ಬರೀ ಮನುಷ್ಯ ಎಂದು ಆ ಕಾಲದವರೇ ಬರೆದಿದ್ದಾರೆ. ಚಿತ್ರಗಾರ ಶಿಷ್ಯರ ಮುಖ ಬಿಡಿಸಿದ್ದರೆ ನಾವು ಮುಖವನ್ನೇ ನೋಡುತ್ತಿದ್ದೆವು. ಕುರಿ ಬಿಡಿಸಿದ್ದರಿಂದ, ಅವು ನೋಡುವ ಆ ಬೆಳಕಿನ ಕಡೆಗೆ ನಾವೂ ನೋಡುತ್ತೇವೆ.

ಆ ಹೆಂಗಸು ಚಿತ್ರವನ್ನೇ ನೋಡುತ್ತ ನಿಂತರು. ಆಮೇಲೆ ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತು, "ಮುಂದುವರಿಸಮ್ಮ" ಎಂದರು.

"ನನ್ನ ಮಗಳು ಸಾರ್" ಎಂದೆ ಶಂಕರ್‌ಗೆ.

"ಗೊತ್ತು ಸಾರ್. ಏರ್‌ಪೋರ್ಟಿಂದ ಹತ್ತು ಸಲ ಹೇಳಿದೀರ."

"ಹಾಗಾದ್ರೆ ಹನ್ನೊಂದನೇ ಸಲ ಕೇಳಿ."