ಕೊಳೆಸಿದ ಮಣ್ಣು

ಗುಂಡಿ ಕಣ್ಣಿಗೆ ಬೀಳುವ ಮೊದಲೇ ಅದರ ನಾತ ಬಂತು. ಎಂಟು ದಿನದ ಹಿಂದೆ ನೆನೆಹಾಕಿದ ಕೆಂಪು ಮಣ್ಣು, ಭತ್ತದ ಹುಲ್ಲು, ಸಗಣಿ, ಗಂಜಲ, ಬೆಲ್ಲದ ನೀರು. ಬಿಸಿಲಿಗೆ ಎಲ್ಲ ಹುಳಿತು ನೊರೆ ಕಟ್ಟಿತ್ತು. ನೊಣ ಮುತ್ತಿದ್ದವು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ನಾನು ಅದರೊಳಗೆ ಇಳಿಯಬೇಕಿತ್ತು.

ಅದು ಎಂಬತ್ತರ ದಶಕದ ಆರಂಭ. ಬೆಳಗಾವಿಯ ಶಹಾಪುರದಲ್ಲಿ ನಮ್ಮದು ಬಾಡಿಗೆ ಮನೆ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡನಿಗೆ ಇದ್ದಕ್ಕಿದ್ದಂತೆ ಸ್ವಾವಲಂಬನೆಯ ಹುಚ್ಚು ಹಿಡಿಯಿತು. ನಮ್ಮ ಅನ್ನ ನಾವೇ ಬೆಳೆಯಬೇಕು, ನಮ್ಮ ಮನೆ ನಾವೇ ಕಟ್ಟಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಬಸವಣ್ಣನವರನ್ನು ನಂಬಿದ ಮನೆತನ. ಕಾಯಕದ ಮಾತು ನನಗೂ ಹಿಡಿಸಿತು. ಖಾನಾಪುರದಿಂದ ಜಾಂಬೋಟಿಗೆ ಹೋಗುವ ದಾರಿಯಲ್ಲಿ ಮಾವನವರ ಒಂದು ತುಂಡು ಜಮೀನಿತ್ತು. ಅಲ್ಲಿ ಎರಡು ಖೋಲಿಯ ಮಣ್ಣಿನ ಮನೆ ಕಟ್ಟಿ ತರಕಾರಿ ಬೆಳೆಯುವುದೆಂದಾಯಿತು. ಭಾನುವಾರ ಬೆಳಗಿನ ರೈಲಿಗೆ ಹೋಗಿ ಸಂಜೆ ಮರಳುತ್ತಿದ್ದೆವು.

ಕಲಿಸಲು ಸಿಕ್ಕವಳು ಪಕ್ಕದ ಹಳ್ಳಿಯ ಮುದುಕಿ. ಗಂಡ ತೀರಿಹೋದ ಮೇಲೆ ತನ್ನ ಮನೆಯ ಗೋಡೆಗಳನ್ನು ಒಬ್ಬಳೇ ಎಬ್ಬಿಸಿದವಳು. ಎಲ್ಲರಂತೆ ನಾನೂ ಅವಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದೆ.

“ಇಳೀ ತಂಗಿ, ಅದ್ರಾಗ ಹುಲಿ ಏನ್ ಕುಂತಿಲ್ಲ.”

ಇಳಿದೆ. ತುಳಿಯುತ್ತಿದ್ದಂತೆ ಅಂಗಾಲಿನಡಿ ಮೆತ್ತನೆಯದೇನೋ ಪಚಕ್ಕೆಂದು ಒಡೆಯಿತು. ಸತ್ತು ಉಬ್ಬಿದ ಕಪ್ಪೆ. ದಂಡೆಗೆ ಓಡಿ ಬೆಳಿಗ್ಗೆ ತಿಂದ ಅವಲಕ್ಕಿಯನ್ನೆಲ್ಲ ಕಾರಿಕೊಂಡೆ. ಮೌಶಿ ಅದರ ಕಾಲು ಹಿಡಿದು ಬೇಲಿಯಾಚೆ ಒಗೆದಳು.

“ಆತಿಲ್ಲೋ? ಬಾಯಿ ತೊಳ್ಕೊಂಡು ಬಾ. ಬಿಸಿಲೇರಾಕ್ಹತ್ತೈತಿ.”

ನನ್ನ ಗಂಡ ಆಗ ನೇರಳೆ ಮರದ ನೆರಳಿನಲ್ಲಿ ಕೂತು ಮನೆಯ ನಕಾಶೆ ಬರೆಯುತ್ತಿದ್ದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು.

ನಾಲ್ಕಾರು ವಾರದಲ್ಲಿ ನಾನು ಕಲಿತೆ. ಹದ ನೋಡಲು ಮಣ್ಣಿನ ಉಂಡೆ ಮಾಡಿ ಎದೆಯೆತ್ತರದಿಂದ ಬಿಡಬೇಕು. ಪುಡಿಯಾದರೆ ಅಂಟು ಸಾಲದು, ಸಗಣಿಯಂತೆ ಹರಡಿದರೆ ನೀರು ಹೆಚ್ಚು. ಒಂದು ವರಸೆ ಏರಿಸಿದರೆ ಅದು ಬಿಗಿಯುವ ತನಕ ಮೇಲೆ ಇನ್ನೊಂದು ಇಡಬಾರದು. ತರಕಾರಿ ಮಡಿಗೆಂದು ತೋಡಿದ ಗೊಬ್ಬರದ ಗುಂಡಿಯನ್ನು ಕೈಯಿಂದಲೇ ತಿರುವಿದೆ. ಬಿಳಿ ಹುಳಗಳು ಮೊಣಕೈವರೆಗೆ ಹರಿದವು. ಎಷ್ಟು ಸೀಗೆಪುಡಿ ಹಚ್ಚಿ ತಿಕ್ಕಿದರೂ ಉಗುರಿನ ನಾತ ಬುಧವಾರದ ತನಕ ಹೋಗುತ್ತಿರಲಿಲ್ಲ.

ಗೋಡೆ ಸೊಂಟದೆತ್ತರಕ್ಕೆ ಬಂದಾಗ ಗಂಡನ ಕಚೇರಿಯ ಗೆಳೆಯರಿಬ್ಬರು ನೋಡಲು ಬಂದರು. ನನ್ನ ಗಂಡ ಗೋಡೆಯ ಮೇಲೆ ಕೈಯಿಟ್ಟು ನಿಂತರು.

“ಇದನ್ನ ನಾವು ಕೈಯಾರೆ ಕಟ್ಟೀವಿ ನೋಡ್ರಿ.”

“ಮಣ್ಣಿಗೆ ಏನೇನ್ ಹಾಕೀರಿ?” ಎಂದು ಒಬ್ಬರು ಕೇಳಿದರು. ಇವರು ತಡವರಿಸಿದರು. ಹಿಂದೆ ನಿಂತಿದ್ದ ಮೌಶಿ ಉತ್ತರ ಹೇಳಲು ಬಾಯಿ ತೆರೆದಳು.

“ನೀ ಸುಮ್ನಿರು, ಚಾ ಕುಡಿ” ಎಂದು ಇವರು ಅವಳನ್ನು ಗದರಿ, ಗೆಳೆಯರಿಗೆ ಸ್ಟೀಲಿನ ಲೋಟದಲ್ಲಿ ಕೊಟ್ಟು, ಅವಳಿಗೆ ತಗಡಿನ ಡಬ್ಬಿಯಲ್ಲಿ ಸುರಿದರು. ಗುಂಡಿಗೆ ನೀರು ಹೊಯ್ಯುವ ಡಬ್ಬಿ. ಅಂಚಿನಲ್ಲಿ ಸಗಣಿ ಒಣಗಿ ಅಂಟಿತ್ತು.

ಅಷ್ಟೂ ಭಾನುವಾರ ನಾನೂ ಅದೇ ಡಬ್ಬಿಯಲ್ಲಿ ಅವಳಿಗೆ ಚಹಾ ಕೊಟ್ಟಿದ್ದೆ. ಒಂದು ಸಲ ತೊಳೆದು, ಒಂದು ಸಲ ತೊಳೆಯದೆ. ಅವಳು ಪ್ರತಿ ಸಲ ಕುಡಿದಿದ್ದಳು.

ಡಬ್ಬಿ ಕಿತ್ತುಕೊಂಡು ಚೆಲ್ಲಿ, ನನ್ನ ಲೋಟ ಅವಳ ಕೈಗಿಟ್ಟೆ.

“ಇರ್ಲಿ ಬಿಡ ತಂಗಿ” ಎಂದು ಅವಳು ಹಿಂದೆ ಸರಿದಳು.

ಗಂಡನ ಕಡೆ ತಿರುಗಿದೆ. “ಕೈಯಾರೆ ಕಟ್ಟೀವಿ ಅಂದ್ರಲ್ಲರೀ, ಬರ್ರಿ, ಗುಂಡ್ಯಾಗ ಇಳೀರಿ. ಹೆಂಗ ತುಳಿಯೂದು ಅಂತ ಇವ್ರಿಗೂ ತೋರಸ್ರಿ.”

ಗೆಳೆಯರು ನಕ್ಕರು. ನನ್ನ ಗಂಡ ತಮ್ಮ ಪಾಯಿಜಾಮ ನೋಡಿಕೊಂಡರೇ ಹೊರತು ಇಳಿಯಲಿಲ್ಲ.

ಸಂಜೆ ಮರಳುವಾಗ, ರೈಲು ದೇಸೂರ ದಾಟಿದ ಮೇಲೆ ಇವರು ಬಾಯಿ ಬಿಟ್ಟರು. “ಮಂದಿ ಮುಂದ ನನ್ನ ಮಾನ ಕಳದಿ.”

“ಮೌಶಿಗೆ ಹಂತಾ ಡಬ್ಬ್ಯಾಗ ಚಾ ಕೊಟ್ರಲ್ಲ, ನಿಮಗ ಏನೂ ಅನಸಲಿಲ್ಲೇನ್ರಿ?”

“ಯಾವ ಡಬ್ಬಿ?” ಎಂದರು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ.

ಆಮೇಲೆ ಅವರು ಬರುವುದನ್ನು ಬಿಟ್ಟರು. ನಾನು ಒಬ್ಬಳೇ ಹೋದೆ. ಮೃಗಶಿರಾ ಮಳೆಗೆ ಮೊದಲು ನಾನೂ ಮೌಶಿಯೂ ಸೇರಿ ಒಂದು ಖೋಲಿ ಮುಗಿಸಿದೆವು. ಅವಸರದಲ್ಲಿ ನಾನು ಕಟ್ಟಿದ ಪಡುವಣ ಮೂಲೆ ಜಡಿಮಳೆಗೆ ಕುಸಿಯಿತು. ಬಿದ್ದ ಮಣ್ಣನ್ನೇ ಮತ್ತೆ ನೆನೆಹಾಕಿ, ಸೂರು ಮುಂದೆ ಚಾಚಿಸಿ, ದೀಪಾವಳಿಯ ಹೊತ್ತಿಗೆ ಎಬ್ಬಿಸಿದೆವು. ಹಿಂದಿನ ಮಡಿಯಲ್ಲಿ ಅವರೆ ಚೆನ್ನಾಗಿ ಬಂತು.

ಆ ಅವರೆಕಾಯಿಯನ್ನು ನನ್ನ ಗಂಡ ಚೀಲ ತುಂಬಿ ಕಚೇರಿಗೆ ಒಯ್ದರು. ಸಂಜೆ ಬಂದು, “ಎಲ್ಲಾರೂ ಭಾಳ ಹೊಗಳಿದ್ರು. ಹೆಂಗ ಬೆಳದ್ರಿ ಅಂತ ಕೇಳಿದ್ರು, ಎಲ್ಲಾ ತಿಳಿಸಿ ಹೇಳೀನಿ” ಎಂದರು.

ನಾನು ಬಚ್ಚಲಿಗೆ ಹೋಗಿ, ಕಪ್ಪೆ ತುಳಿದ ದಿನದಂತೆ, ಬಾಯಿ ಮುಕ್ಕಳಿಸಿ ಬಂದೆ.