ತೊಡೆಯ ಮೇಲಿಟ್ಟ ಕಾಲು

ನಿಮ್ಮಮ್ಮ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು ಎಂದರೆ ನೀವು ನಗುತ್ತೀರಿ. ಎಂಬತ್ತರ ದಶಕದಲ್ಲಿ ನಿಮ್ಮ ತಾತ ಚಿನ್ನದ ಗಣಿ ಕೆಲಸದಲ್ಲಿದ್ದರು, ನಾವು ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿದ್ದೆವು. ಅಲ್ಲಿ ಅವಳಷ್ಟು ಎತ್ತರ ನೆಗೆಯುವ ಹುಡುಗಿ ಇನ್ನೊಬ್ಬಳಿರಲಿಲ್ಲ. ಜಿಲ್ಲಾ ತಂಡದ ಆಯ್ಕೆಗೆ ಎರಡು ವಾರ ಉಳಿದಿತ್ತು. ಅವಳಿಗೆ ಅದೊಂದೇ ಧ್ಯಾನ.

ಆಟ ಕಲಿಸುತ್ತಿದ್ದ ಮೇಷ್ಟ್ರನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಬೆಳಗಿನ ಚಳಿಯಲ್ಲಿ ಹುಡುಗಿಯರನ್ನು ತಣ್ಣನೆಯ ಸಿಮೆಂಟಿನ ಮೇಲೆ ಕಾಲು ಚಾಚಿ ಕೂರಿಸುತ್ತಿದ್ದರು. ಮೊದಲು ಓಡಿಸುವುದಿಲ್ಲ, ಮೈ ಬಿಸಿಯಾಗಲು ಬಿಡುವುದಿಲ್ಲ. ಬೆನ್ನಿಗೆ ಮೊಣಕಾಲು ಕೊಟ್ಟು ಒತ್ತುವುದು, ಪಕ್ಕಕ್ಕೆ ಎಲೆಯಡಿಕೆ ಉಗಿಯುವುದು, ಮತ್ತೆ ಒತ್ತುವುದು. ಆ ಕೆಂಪಿನ ಮೇಲೆಯೇ ಮಕ್ಕಳು ಅಂಗೈ ಊರಬೇಕು.

"ಬಗ್ಗಮ್ಮಾ, ಇನ್ನೂ ಬಗ್ಗು. ನರ ಎಳ್ದಷ್ಟೂ ನೆಗೀತೀಯ."

ಬೇಲಿಯಾಚೆ ಹಾಲಿನ ಪಾತ್ರೆ ಹಿಡಿದು ನಿಂತ ನನಗೆ ಮೇಷ್ಟ್ರಿಗೆ ಎದುರಾಡುವ ಧೈರ್ಯವಿರಲಿಲ್ಲ.

ಒಂದು ದಿನ ಅವಳು ಕುಂಟುತ್ತ ಬಂದಳು. "ತೊಡೆ ಇಂದ್ಗಡೆ ಪಟ್ ಅಂತಮ್ಮಾ. ಮೇಷ್ಟ್ರು ನಾಟ್ಕ ಅಂತಾರೆ."

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ತುಳಿದರೆ ಉಳುಕು ಬಿಡುತ್ತದೆಂದು ನಮ್ಮೂರಿನವರು ಸೊಂಟ ಹಿಡಿದುಕೊಂಡು ನನ್ನ ಬಳಿ ಬರುತ್ತಿದ್ದರು. ಅದೇ ನಂಬಿಕೆಯಲ್ಲಿ ಮಗಳನ್ನು ಬೋರಲು ಮಲಗಿಸಿ, ಎಣ್ಣೆ ಹಚ್ಚಿ, ಮೂರು ದಿನ ಬೆಳಿಗ್ಗೆ ತುಳಿದೆ. ಅವಳು ದಿಂಬು ಕಚ್ಚಿಕೊಂಡಳು. ನಾಲ್ಕನೆಯ ದಿನ ತೊಡೆ ಬದನೆಕಾಯಿ ಬಣ್ಣಕ್ಕೆ ತಿರುಗಿತು.

ಬಂಗಾರಪೇಟೆಯಲ್ಲಿ ಆಯ್ಕೆಯ ದಿನ ಎರಡು ಸಲ ನೆಗೆದು ಕೂತುಬಿಟ್ಟಳು. ಅಲ್ಲಿದ್ದ ಆಟದ ಟೀಚರಮ್ಮ ತೊಡೆ ನೋಡಿ, "ಹರಿದಿರೋ ಸ್ನಾಯೂನ ತುಳಿದೋರು ಯಾರು? ಮೊದ್ಲು ಓಡಿ ಬೆವರ್ಬೇಕು, ಆಮೇಲೆ ತಾವೇ ಮೆಲ್ಲಗೆ ಎಳ್ಕೋಬೇಕು," ಎಂದರು. ನಾನೆಂದು ನಿಮ್ಮಮ್ಮ ಹೇಳಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಬಾಯಿ ಬಿಡಲಿಲ್ಲ. ನನ್ನ ಪಾದ ನೋಡಿಕೊಂಡರೆ ನನಗೇ ಅಸಹ್ಯವಾಯಿತು. ಮುಂದಿನ ವರ್ಷಕ್ಕೆ ಅವಳಿಗೆ ಆಯ್ಕೆಯ ವಯಸ್ಸು ಮೀರಿತ್ತು.

ಕೆಲವು ವಾರ ಕಳೆದ ಮೇಲೆ ಮೇಷ್ಟ್ರೇ ಸೊಂಟ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಬಾಯಲ್ಲಿ ಅದೇ ಎಲೆಯಡಿಕೆ. "ಒಂದ್ಸಲ ಕಾಲಿಡಮ್ಮಾ, ವಾಸಿ ಆಗ್ತದಂತೆ."

ಒಳಗಿಂದ ನಿಮ್ಮಮ್ಮ, "ತುಳಿಯಮ್ಮಾ, ಚೆನ್ನಾಗಿ ತುಳಿ. ನಾಟ್ಕ ಆಡಿದ್ರೂ ಬಿಡ್ಬೇಡ," ಎಂದಳು.

ನಾನು ಪಾದವನ್ನು ಸೀರೆಯೊಳಗೆ ಎಳೆದುಕೊಂಡೆ. "ಈ ಕಾಲು ಇನ್ನು ಯಾರ ಮೈಮೇಲೂ ಇಡಲ್ಲ ಮೇಷ್ಟ್ರೇ. ಡಾಕ್ಟ್ರ ಅತ್ರ ಓಗಿ."

ಅವರೊಡನೆ ನಾನಾಡಿದ ಮೊದಲ ಮಾತು ಅದು. ಅವರು ಮೆಟ್ಟಿಲ ಪಕ್ಕ ಉಗಿದು ಹೋದರು. ನಿಮ್ಮಮ್ಮ ಕುಂಟುತ್ತ ಬಂದು ನೀರು ಸುರಿದಳು, ನಾನು ಪೊರಕೆ ಹಿಡಿದು ತಿಕ್ಕಿದೆ.