ಗಲ್ಲಾ ಕುರ್ಚಿಯ ಮೆತ್ತೆ

ನನ್ನ ನೆನಪುಗಳನ್ನು ನಾನೇ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದ ಲಾಭ ಇಷ್ಟೇ: ಕನ್ನಡಕ ಎಲ್ಲಿಟ್ಟೆನೆಂದು ಮರೆತರೂ, ಯಾಕೆ ಮರೆತೆನೆಂದು ಅರ್ಧ ಗಂಟೆ ವಿವರಿಸಬಲ್ಲೆ.

ಒಂದು ನೆನಪನ್ನು ಮಾತ್ರ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಸ್ಟೇಷನ್ ಬಳಿಯ ನಮ್ಮ ಪುಟ್ಟ ಹೋಟೆಲಿನ ಗಲ್ಲಾದಲ್ಲಿ ಕೂತಿರುತ್ತಿದ್ದ ಅಪ್ಪ, ನಾನು ಬೆಳೆದಂತೆಲ್ಲ ತಾವೂ ಬೆಳೆಯುತ್ತಿದ್ದರು. ಲೋಕದ ಅಪ್ಪಂದಿರು ಮಕ್ಕಳು ಬೆಳೆದಂತೆ ಕುಗ್ಗುತ್ತಾರೆ, ನನ್ನಪ್ಪ ಕುಗ್ಗಲಿಲ್ಲ. ಕಾಮೋಠೆಯಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದರೆ ನಕ್ಕಳು. “ಎಂತ ಮಾರಾಯ, ಅಪ್ಪ ಕುಳ್ಳ ಅಲ್ವಾ? ನಿನ್ನದು ಬರೀ ಭಕ್ತಿ.” ನಾನು ಓದಿದ ಶಾಸ್ತ್ರವೂ ಅಕ್ಕನ ಕಡೆಗೇ ಇತ್ತು.

ಅಪ್ಪ, ಅಮ್ಮ, ಹೋಟೆಲು ಎಲ್ಲ ಹೋಗಿ ಈಗ ಉಳಿದಿರುವುದು ಅಪ್ಪ ಕೂರುತ್ತಿದ್ದ ಆ ಗಲ್ಲಾ ಕುರ್ಚಿಯೊಂದೇ. ಅದರ ಮೆತ್ತೆಯ ಹೊದಿಕೆ ಹರಿದಿತ್ತು. ಉಲ್ಹಾಸನಗರದಿಂದ ನೀಲಿ ಬಟ್ಟೆ ತಂದೆ.

“ಟೇಲರಿಗೆ ಕೊಡಿ,” ಎಂದಳು ಹೆಂಡತಿ ಸುಮಿತ್ರಾ. “ನೀವು ಹೊಲಿದ ಗುಂಡಿ ಮದುವೆ ಮನೆಯಲ್ಲಿ ಪಾಯಸಕ್ಕೆ ಬಿದ್ದದ್ದು ಮರೆತಿರಾ?”

ನಿಜಕ್ಕೂ ಮರೆತಿದ್ದೆ. ಆದ್ದರಿಂದ ಧೈರ್ಯವಾಗಿ ಹೊಲಿಗೆ ಬಿಚ್ಚಲು ಕೂತೆ.

ಹೊದಿಕೆಯ ಒಳಗೆ ಹತ್ತಿಯಿರಲಿಲ್ಲ, ಮಡಿಸಿಟ್ಟ ಸೀರೆಯಿತ್ತು. ಅದರಡಿ ಹಳೆಯ ಹೊದಿಕೆ, ಅದರೊಳಗೆ ಮತ್ತೊಂದು ಸೀರೆ, ಅದರಡಿ ಇನ್ನೂ ಹಳೆಯ ಹೊದಿಕೆ. ಹರಿದಾಗಲೆಲ್ಲ ಅಮ್ಮ ಹಳೆಯದನ್ನು ಎಸೆಯದೆ, ಮೆತ್ತಗಾಗಲೆಂದು ತನ್ನದೊಂದು ಸೀರೆ ಇಟ್ಟು, ಮೇಲೆ ಹೊಸದನ್ನು ಹೊಲಿದಿದ್ದಳು. ಎಂದರೆ, ಅಪ್ಪ ನಿಜವಾಗಿಯೂ ಎತ್ತರವಾಗುತ್ತಿದ್ದರು!

ಅಕ್ಕನಿಗೆ ಫೋನು ಮಾಡಿದೆ. ನನ್ನ ವಿಜಯದ ವರದಿ ಅವಳ ಕಿವಿಗೇ ಹೋಗಲಿಲ್ಲ. “ಹಸಿರು ಅಂಚಿನ ಸೀರೆ ಉಂಟಾ ಅದರಲ್ಲಿ? ಅಯ್ಯೋ, ಅದನ್ನು ನಾನು ಗಂಡನ ಮನೆಗೆ ಹೊತ್ತುಕೊಂಡು ಹೋದೆ ಅಂತ ಚಿಕ್ಕಮ್ಮ ಊರೆಲ್ಲ ಹೇಳಿದ್ರು!”

ಸೀರೆಗಳು ಅಪ್ಪನ ಭಾರಕ್ಕೆ ಆಗಲೇ ತೆಳ್ಳಗಾಗಿ, ಎತ್ತರ ಏರಿಯೇ ಇರಲಿಕ್ಕಿಲ್ಲವಲ್ಲ ಎಂಬ ಸಂಶಯ ತಲೆಯೆತ್ತಿತು. ಓದಿದವನ ಸಂಶಯ, ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಒಂದನ್ನೂ ತೆಗೆಯದೆ, ಮೇಲೆ ನನ್ನ ಹಳೆಯ ಪಂಚೆಯೊಂದನ್ನಿಟ್ಟು, ನೀಲಿ ಹೊದಿಕೆಯನ್ನು ಸೊಟ್ಟಸೊಟ್ಟಗೆ ಹೊಲಿದು, ಆ ಸಂಶಯದ ಮೇಲೆ ಕೂತುಬಿಟ್ಟೆ.

ಆಗ ಮಗಳು ಕಾಲೇಜಿನಿಂದ ಬಂದಳು. ಎತ್ತರದಲ್ಲಿ ಅವಳು ನನ್ನನ್ನು ದಾಟಿ ವರ್ಷವಾಗಿದೆ. ಬಾಗಿಲಲ್ಲೇ ನಿಂತು ನೋಡಿದಳು.

“ಪಪ್ಪಾ, ಆಜ್ ಬಡೇ ಲಂಬೇ ಲಗ್ ರಹೇ ಹೋ!”

ಇವತ್ತು ನಾನು ಭಾರೀ ಎತ್ತರ ಕಾಣುತ್ತಿದ್ದೇನಂತೆ! ಅವಳು ಒಳಗೆ ಹೋಗುವವರೆಗೆ ನಾನು ಏಳಲೇ ಇಲ್ಲ.